ಎರಡು ನೋಟಿಸು ಬಂದಿವೆ, ಮೊದಲು ಯಾವುದಕ್ಕೆ ಉತ್ತರ ಕೊಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ನಂದಿನಿ ಲೇಔಟ್ ಕಡೆ 30×40ರ ಬಿಡಿಎ ಸೈಟು. ಅಪ್ಪ 1994ರಲ್ಲಿ ಕೊಂಡು, ಪ್ಲಾನ್ ಪಾಸ್ ಮಾಡಿಸಿ ನೆಲಮಹಡಿ, ಮೊದಲ ಮಹಡಿ ಕಟ್ಟಿಸಿದರು. ಎರಡೂ 850 ಚದರಡಿ. 2011ರಲ್ಲಿ ಪ್ಲಾನ್ ಇಲ್ಲದೆ ಎರಡನೇ ಮಹಡಿ ಎತ್ತಿಸಿದರು, 700 ಚದರಡಿ. ತೆರಿಗೆ ಮಾತ್ರ ಮೂರೂ ಮಹಡಿಗೆ ‘ಸ್ವಂತ ವಾಸ’ ಎಂದು ತೋರಿಸಿ ಪ್ರತಿ ವರ್ಷ ಕಟ್ಟಿದ್ದಾರೆ. ಎರಡನೇ ಮಹಡಿಯಲ್ಲಿ ಮೊದಲು ತಮ್ಮ ಇದ್ದ, 2019ರಿಂದ ಬಾಡಿಗೆಗೆ ಕೊಟ್ಟಿದ್ದೇವೆ. ಅಪ್ಪ 2022ರಲ್ಲಿ ತೀರಿಕೊಂಡರು, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಈಗ ಎರಡು ನೋಟಿಸು ಬಂದಿವೆ. ಒಂದು, 2016-17ರಿಂದ 2023-24ರವರೆಗೆ ಇಡೀ ಮನೆ ಬಾಡಿಗೆಗೆ ಇತ್ತು ಎಂದು ಲೆಕ್ಕ ಹಾಕಿ ತೆರಿಗೆ ವ್ಯತ್ಯಾಸ ಕೇಳಿದ್ದು, 30 ದಿನ ಕೊಟ್ಟಿದ್ದಾರೆ. ಇನ್ನೊಂದು, ಪಕ್ಕದ ಮನೆಯವರ ದೂರಿನ ಮೇಲೆ ಎರಡನೇ ಮಹಡಿ ಅನಧಿಕೃತ ಎಂದು ಕೊಟ್ಟ ತಾತ್ಕಾಲಿಕ ಆದೇಶ, 7 ದಿನದಲ್ಲಿ ಸಮಜಾಯಿಷಿ ಕೊಡಿ ಎಂದಿದೆ. ಒಬ್ಬರು ಬಂದು, 1,200 ಚದರಡಿ ಸೈಟಿಗೆ ಸರ್ಕಾರ ಮಾಫಿ ಮಾಡಿದೆ, ಒಂದಿಷ್ಟು ಖರ್ಚು ಮಾಡಿದರೆ ಎರಡನ್ನೂ ಮುಗಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಜಿ ಕಾರ್ಪೊರೇಟರ್ ಹತ್ತಿರ ಹೋಗಲೇ? ಮನೆ ಒಡೆಯುತ್ತಾರೆಯೇ? ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಸಿಕ್ಕ ದಿನವೇ ‘ಮಹಡಿ ನೋಟಿಸಿಗೆ ಮೊದಲು ಉತ್ತರ ಕೊಡಿ, ತೆರಿಗೆಯದು ಆಮೇಲೆ’ ಎಂದು ಒಂದು ಸಾಲು ಕಳಿಸಿದ್ದೆ. ಉತ್ತರ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ ಎಂದು ನೀವು ತಿಳಿಸಿದ ಮೇಲೆ ನನಗೂ ಸಮಾಧಾನವಾಯಿತು. ಯಾಕೆ ಹಾಗೆ ಹೇಳಿದೆ, ಮುಂದೆ ಏನು ಮಾಡಬೇಕು ಎನ್ನುವುದನ್ನು ಈಗ ಬಿಡಿಸಿ ಬರೆಯುತ್ತೇನೆ.

ಅಮ್ಮನಿಗೆ ಮೊದಲು ಇದನ್ನು ಓದಿ ಹೇಳಿ: ನೋಟಿಸು ಕೊನೆಯ ಆದೇಶವಲ್ಲ. ನಿಮ್ಮ ಕೈಗೆ ಬಂದಿರುವ ಎರಡೂ ಕಾಗದ ‘ನಮಗೆ ಹೀಗೆ ಕಾಣುತ್ತಿದೆ, ನೀವೇನು ಹೇಳುತ್ತೀರಿ’ ಎಂದು ಕೇಳುವ ಕಾಗದಗಳು. ಕಂದಾಯ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ನಾನು ಕಂಡಂತೆ, ಜನ ಸೋಲುವುದು ಅವರ ಕಡೆ ನ್ಯಾಯ ಇಲ್ಲ ಎಂದಲ್ಲ. ಕೇಳಿದಾಗ ಉತ್ತರ ಕೊಡದೆ, ಕೊಟ್ಟರೂ ಬಾಯಿಮಾತಿನಲ್ಲಿ ಕೊಟ್ಟು ಸೋಲುತ್ತಾರೆ. ‘ಸಾಹೇಬರ ಹತ್ತಿರ ಮಾತಾಡಿದೀನಿ, ಬಿಡಿ ಅಂದ್ರು’ ಎಂದು ಮನೆಗೆ ಹೋದವರ ಫೈಲಿನಲ್ಲಿ ಉಳಿಯುವುದು ಒಂದೇ ಸಾಲು: ‘ನಿಗದಿತ ಅವಧಿಯಲ್ಲಿ ಯಾವುದೇ ಸಮಜಾಯಿಷಿ ಬಂದಿರುವುದಿಲ್ಲ.’ ಮುಂದಿನ ಅಧಿಕಾರಿ, ಮೇಲ್ಮನವಿ ಪ್ರಾಧಿಕಾರ, ಕೋರ್ಟು, ಎಲ್ಲರೂ ಓದುವುದು ಆ ಸಾಲನ್ನೇ.

ಎರಡೂ ಲಕೋಟೆಯ ಮೇಲೆ ಒಂದೇ ಲಾಂಛನ ಇರುವುದರಿಂದ ಎರಡೂ ಒಂದೇ ಗಲಾಟೆ ಎಂದು ನಿಮಗೆ ಅನ್ನಿಸಿದೆ. ಹಾಗಲ್ಲ. ತೆರಿಗೆಯದು ಎಆರ್‌ಒ (ಸಹಾಯಕ ಕಂದಾಯ ಅಧಿಕಾರಿ) ಕಚೇರಿಯಿಂದ, ಅಂದರೆ ಕಂದಾಯ ಕಡೆಯಿಂದ ಬಂದಿದೆ. ಮಹಡಿಯದು ಎಂಜಿನಿಯರಿಂಗ್ ಕಡೆಯ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಹಿಯಲ್ಲಿ ಬಂದಿದೆ. ಈ ಎರಡು ಫೈಲು ಒಂದನ್ನೊಂದು ನೋಡುವುದೇ ಇಲ್ಲ. ಎರಡನೇ ಮಹಡಿಗೆ ಇಷ್ಟೂ ವರ್ಷ ತೆರಿಗೆ ಕಟ್ಟಿದ ರಸೀದಿ ತೋರಿಸಿದರೆ ಎಇಇ ಒಪ್ಪುವುದಿಲ್ಲ, ಯಾಕೆಂದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅನಧಿಕೃತ ಕಟ್ಟಡ ಸಕ್ರಮ ಆಗುವುದಿಲ್ಲ. ಮಹಡಿಯೇ ಅನಧಿಕೃತ ಎಂದ ಮೇಲೆ ಅದಕ್ಕೆ ತೆರಿಗೆ ಯಾಕೆ ಎಂದು ಎಆರ್‌ಒ ಹತ್ತಿರ ವಾದಿಸಿದರೂ ನಡೆಯುವುದಿಲ್ಲ. ಹಾಗಾಗಿ ಎರಡು ಪ್ರತ್ಯೇಕ ಉತ್ತರ, ಎರಡು ಪ್ರತ್ಯೇಕ ಸ್ವೀಕೃತಿ. ಒಂದರ ಮಾತನ್ನು ಇನ್ನೊಂದರಲ್ಲಿ ಬರೆಯಬೇಡಿ.

ಪ್ರತಿ ನೋಟಿಸಿನಲ್ಲೂ ಎರಡು ವಿಷಯಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ: ಯಾವ ಕಾಯ್ದೆಯ ಯಾವ ಕಲಂ, ಮತ್ತು ಎಷ್ಟು ದಿನ. ಬೆಂಗಳೂರಿನಲ್ಲಿ ಕಾಯ್ದೆಯ ಹೆಸರು ನೋಡುವುದು ಈಗ ಮೊದಲಿಗಿಂತ ಮುಖ್ಯ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಬಹಳ ಕಾಲ ನಡೆಯಿತು. 2021ರ ಜನವರಿಯಿಂದ ಬಿಬಿಎಂಪಿ ಕಾಯ್ದೆ ಬಂತು. 2025ರ ಮೇನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ, ಅದೇ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಹಳೇ ಕಾಯ್ದೆಯ ಕಲಂ ಹಾಕಿ ಶುರು ಮಾಡಿದ ಫೈಲು ಹೊಸ ಕಚೇರಿಯ ಮೇಜಿನ ಮೇಲೆ ಕೂತಿರುವುದು ಅಪರೂಪವೇನಲ್ಲ. ನಿಮ್ಮ ಉತ್ತರ ಹೋಗಬೇಕಾದ್ದು ನೋಟಿಸಿಗೆ ಸಹಿ ಹಾಕಿದ ಹುದ್ದೆಗೆ. ಆ ಕಚೇರಿ ಬೇರೆ ಪಾಲಿಕೆಗೆ ಸೇರಿದ್ದರೆ ಅಲ್ಲಿಗೂ ಒಂದು ಪ್ರತಿ ಕೊಡಿ.

ಲಕೋಟೆಯನ್ನೂ ಎಸೆಯಬೇಡಿ. ದಿನದ ಲೆಕ್ಕ ಸಾಮಾನ್ಯವಾಗಿ ನೋಟಿಸು ನಿಮಗೆ ತಲುಪಿದ ದಿನದಿಂದ ಶುರುವಾಗುತ್ತದೆ. ಕಾಗದದ ಮೇಲೆ ಒಂದು ತಾರೀಕು, ಅಂಚೆ ಮುದ್ರೆಯಲ್ಲಿ ಎರಡು ವಾರ ಆಚೆಯ ತಾರೀಕು ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಾಗಿಲಿಗೆ ಅಂಟಿಸಿ ಹೋಗಿದ್ದರೆ ಅಂಟಿಸಿದ ಹಾಗೇ ಫೋಟೊ ತೆಗೆದಿಟ್ಟುಕೊಳ್ಳಿ. ಉತ್ತರ ಕೊಡುವಾಗ ಎರಡು ಪ್ರತಿ ಒಯ್ದು, ಟಪಾಲಿನವರಿಂದ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂದರೆ ಅಂದೇ ಸ್ಪೀಡ್ ಪೋಸ್ಟ್‌ ಮಾಡಿ ರಸೀದಿ ಇಟ್ಟುಕೊಳ್ಳಿ.

ಈಗ ಮಹಡಿಯ ವಿಚಾರ. ಇದರ ನಡೆ 1976ರ ಕಾಯ್ದೆಯ 321ನೇ ಕಲಂ ಕಾಲದಿಂದ ಮೂರು ಮೆಟ್ಟಿಲಿನದು. ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳುವ ನೋಟಿಸು, ನಿಮ್ಮ ಉತ್ತರ ನೋಡಿದ ಮೇಲೆ ಸ್ಥಿರೀಕರಣ ಆದೇಶ, ಅಂದರೆ ತಾತ್ಕಾಲಿಕ ಆದೇಶವನ್ನು ಖಾಯಂ ಮಾಡುವುದು. ಒಡೆಯುವ ಮಾತು ಬರುವುದು ಮೂರನೆಯದರ ನಂತರ. ನೀವಿನ್ನೂ ಎರಡನೇ ಮೆಟ್ಟಿಲಿನಲ್ಲಿದ್ದೀರಿ, ಆದರೆ ಇಲ್ಲಿ ಇರುವ ದಿನ ಬಹಳ ಕಡಿಮೆ. ಅದಕ್ಕೇ ಇದಕ್ಕೆ ಮೊದಲು ಉತ್ತರ ಕೊಡಿ ಎಂದಿದ್ದು. ನೀವು ಕೊಟ್ಟಿರುವುದು ಚುಟುಕು ಉತ್ತರ. ಅದರ ಬೆನ್ನಿಗೇ ವಿವರವಾದ ಉತ್ತರ ಹೋಗಬೇಕು, ಅದರಲ್ಲಿ ಅಂಕಿ ಇರಬೇಕು. ‘ಬಡವರು, ದಯವಿಟ್ಟು ಬಿಡಿ’ ಎಂದು ಬರೆದರೆ ಯಾವ ಅಧಿಕಾರಿಗೂ ಅದನ್ನು ಹಿಡಿದು ಆದೇಶ ಬರೆಯಲು ಬರುವುದಿಲ್ಲ.

ಅಂಕಿ ಹೀಗಿದೆ. 2007ರಲ್ಲಿ ಒಪ್ಪಿಗೆಯಾದ ನಗರದ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ, 360 ಚದರ ಮೀಟರ್‌ವರೆಗಿನ ವಾಸದ ಸೈಟಿಗೆ, ಮುಂದಿನ ರಸ್ತೆ 12 ಮೀಟರ್‌ವರೆಗೆ ಇದ್ದರೆ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಎಲ್ಲ ಮಹಡಿ ಸೇರಿ ಕಟ್ಟಬಹುದು ಎಂಬ ಮಿತಿ) 1.75, ನೆಲದ ಮೇಲೆ ಕಟ್ಟಬಹುದಾದ್ದು ಶೇ 75. ನಿಮ್ಮ 1,200 ಚದರಡಿಗೆ ಅದು ಒಟ್ಟು 2,100 ಚದರಡಿ, ನೆಲದಲ್ಲಿ 900. ನೀವು ನೆಲದಲ್ಲಿ ಕಟ್ಟಿರುವುದು 850, ಅಲ್ಲಿ ತೊಂದರೆ ಇಲ್ಲ. ಒಟ್ಟು ಕಟ್ಟಿರುವುದು 2,400. ಅಂದರೆ ಮಿತಿ ಮೀರಿರುವುದು ಸುಮಾರು 300 ಚದರಡಿ, ಇಡೀ ಎರಡನೇ ಮಹಡಿಯಲ್ಲ. 2011ರಲ್ಲಿ ಅಪ್ಪ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿದ್ದರೆ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಸರಿಯಿದ್ದಲ್ಲಿ, ಆ ಮಹಡಿಯ 400 ಚದರಡಿಗೆ ಪ್ಲಾನ್ ಸಿಗುವ ಸಾಧ್ಯತೆ ಇತ್ತು. ಪ್ಲಾನ್ ತೆಗೆದುಕೊಳ್ಳದೆ ಕಟ್ಟಿದ್ದು ತಪ್ಪು, ಅದನ್ನು ಒಪ್ಪಿಕೊಳ್ಳಿ. ಆದರೆ ಪ್ಲಾನ್ ಇಲ್ಲದೆ ಕಟ್ಟಿದ್ದಕ್ಕೂ ನಿಯಮವೇ ಒಪ್ಪದ್ದನ್ನು ಕಟ್ಟಿದ್ದಕ್ಕೂ ವ್ಯತ್ಯಾಸ ಇದೆ. ನಿಮ್ಮ ಉತ್ತರ ಆ ವ್ಯತ್ಯಾಸದ ಮೇಲೆ ನಿಲ್ಲಬೇಕು.

ನೋಂದಾಯಿತ ಎಂಜಿನಿಯರ್ ಒಬ್ಬರಿಂದ ಈ ವಾರವೇ ಅಳತೆ ಮಾಡಿಸಿ, ಇದ್ದದ್ದು ಇದ್ದ ಹಾಗೆ ನಕ್ಷೆ ಬರೆಸಿ. ಮೆಟ್ಟಿಲ ಮೇಲಿನ ಹೆಡ್‌ರೂಮ್‌, ಓವರ್‌ಹೆಡ್ ಟ್ಯಾಂಕಿನ ಜಾಗ ಎಫ್‌ಎಆರ್ ಲೆಕ್ಕಕ್ಕೆ ಸೇರಿದೆಯೇ ಎಂದು ಕೇಳಿ. ಎಷ್ಟೋ ನೋಟಿಸುಗಳಲ್ಲಿ ಅದನ್ನೂ ಸೇರಿಸಿಬಿಟ್ಟಿರುತ್ತಾರೆ. 2003ರ ಕಟ್ಟಡ ಬೈಲಾದಲ್ಲಿ ಶೇ 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅವಕಾಶ ಇಟ್ಟಿದ್ದರು. ಬೈಲಾಕ್ಕೆ ಆಗಾಗ ತಿದ್ದುಪಡಿ ಬರುವುದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮಿತಿಯನ್ನು ಎಂಜಿನಿಯರ್ ಬರವಣಿಗೆಯಲ್ಲಿ ಕೊಡಲಿ. ಆಮೇಲೆ ನಿಮ್ಮ ಉತ್ತರದಲ್ಲಿ ಇಷ್ಟು ಬರಲಿ: ಅಳತೆ ಇಷ್ಟು, ಮಿತಿಯೊಳಗೆ ಇರುವುದು ಇಷ್ಟು, ಅದಕ್ಕೆ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕುತ್ತಿದ್ದೇವೆ, ಮಿತಿ ಮೀರಿದ ಭಾಗವನ್ನು ನಾವೇ ತೆಗೆಸುತ್ತೇವೆ, ಇಷ್ಟು ಕಾಲಾವಕಾಶ ಕೊಡಿ. ಒಂದು ಕೋಣೆ ಹೋಗಬಹುದು. ಅದು ನೋವಿನ ಮಾತೇ. ಆದರೆ ಕೋಣೆ ಹೋಗುವುದಕ್ಕೂ ಮನೆ ಹೋಗುವುದಕ್ಕೂ ಅಜಗಜಾಂತರ.

ಆ ಮಧ್ಯವರ್ತಿ ಹೇಳಿದ ‘1,200 ಚದರಡಿ ಮಾಫಿ’ ಅರ್ಧ ಸತ್ಯ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಒಸಿ (ಕಟ್ಟಡದಲ್ಲಿ ವಾಸಕ್ಕೆ ಒಪ್ಪಿಗೆ ಕೊಡುವ ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದಿತು. ಅದರಿಂದ ಸಣ್ಣ ಮನೆಯವರಿಗೆ ಬೆಸ್ಕಾಂ, ಜಲಮಂಡಳಿ ಕಚೇರಿಗಳಲ್ಲಿ ಅರ್ಜಿ ನಿಂತುಹೋಯಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು ಮಹಡಿ ಅಥವಾ ಸ್ಟಿಲ್ಟ್ (ಕಂಬಗಳ ಮೇಲಿನ ಪಾರ್ಕಿಂಗ್ ಅಂತಸ್ತು) ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ಅದು ಒಸಿಯ ವಿನಾಯಿತಿ. ಪ್ಲಾನ್ ಇಲ್ಲದೆ ಎತ್ತಿದ ಮಹಡಿಯನ್ನು ಸಕ್ರಮ ಮಾಡುವ ಆದೇಶ ಅಲ್ಲ. ಅನಧಿಕೃತ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಆ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಬಾಗಿಲು ಹಾಕಿಕೊಳ್ಳಿ. ಇನ್ನೂ ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಒತ್ತಾಯಕ್ಕೆ ಕೊಡಬೇಕಾಗಿ ಬಂದವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಇಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರು ಇದ್ದಾರೆ.

ಸ್ಥಿರೀಕರಣ ಆದೇಶ ನಿಮ್ಮ ವಿರುದ್ಧ ಬಂದರೆ ಮೇಲ್ಮನವಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತದೆ. ಎಲ್ಲರೂ ಕೆಎಟಿ ಎನ್ನುತ್ತಾರೆ. ವಿಧಾನಸೌಧದ ಹತ್ತಿರ ಬಹುಮಹಡಿ ಕಟ್ಟಡದಲ್ಲಿದೆ. ಅಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಜೆಸಿಬಿ ನಿಲ್ಲುವುದಿಲ್ಲ, ಜೊತೆಯಲ್ಲೇ ಮಧ್ಯಂತರ ತಡೆಯಾಜ್ಞೆ ಕೇಳಬೇಕು. ತಡೆಯಾಜ್ಞೆ ಸಿಕ್ಕ ದಿನವೇ ಅದರ ದೃಢೀಕೃತ ಪ್ರತಿಯನ್ನು ಎಇಇ ಕಚೇರಿಗೆ ಮುಟ್ಟಿಸಿ ಸೀಲು ಹಾಕಿಸಿಕೊಳ್ಳಿ. ನೇರ ಹೈಕೋರ್ಟಿಗೆ ಹೋಗೋಣ ಎಂದು ಕೆಲವು ವಕೀಲರು ಹೇಳುತ್ತಾರೆ. ಮೇಲ್ಮನವಿಯ ದಾರಿ ಇರುವಾಗ ಹೈಕೋರ್ಟು ಬಹುಪಾಲು ‘ಮೊದಲು ಅಲ್ಲಿಗೆ ಹೋಗಿ’ ಎಂದೇ ಹೇಳುತ್ತದೆ. ನಿಮ್ಮ ಮಾತನ್ನೇ ಕೇಳದೆ ಆದೇಶ ಮಾಡಿದ್ದರೆ ಆಗ ರಿಟ್ ಅರ್ಜಿಗೆ ಬಲ ಬರುತ್ತದೆ. ಆಗಲೂ ಸಾಮಾನ್ಯವಾಗಿ ಸಿಗುವುದು ‘ಮತ್ತೆ ವಿಚಾರಣೆ ಮಾಡಿ’ ಎಂಬ ಆದೇಶ.

ಪಕ್ಕದ ಮನೆಯವರನ್ನು ಶತ್ರು ಎಂದುಕೊಳ್ಳುವ ಮೊದಲು ಒಂದು ಸಲ ಹೋಗಿ ಕೂತು ಮಾತಾಡಿ. ಇಂಥ ದೂರುಗಳ ಹಿಂದೆ ಬಹಳ ಸಲ ಇರುವುದು ಅವರ ಅಡುಗೆಮನೆ ಕಡೆಗೆ ತೆರೆದ ಒಂದು ಕಿಟಕಿ, ಇಲ್ಲವೇ ಅವರ ಗೋಡೆಗೆ ಬೀಳುವ ನಿಮ್ಮ ತಾರಸಿಯ ಮಳೆನೀರು. ಅದನ್ನು ಸರಿಮಾಡಿಕೊಡಿ. ದೂರು ವಾಪಸ್ ಪಡೆದರೂ ನೋಟಿಸು ತಾನಾಗಿ ರದ್ದಾಗುವುದಿಲ್ಲ ನಿಜ, ಆದರೆ ವಿಚಾರಣೆಯ ದಿನ ಎದುರು ನಿಂತು ಒತ್ತಾಯ ಮಾಡುವವರು ಇರುವುದಿಲ್ಲ.

ಇನ್ನು ತೆರಿಗೆ. ಇಲ್ಲಿ ನಿಮ್ಮ ಕಡೆ ನ್ಯಾಯ ಹೆಚ್ಚಿದೆ, ಸ್ವಲ್ಪ ತಪ್ಪೂ ಇದೆ. 2008ರಿಂದ ಬೆಂಗಳೂರಿನಲ್ಲಿ ನಡೆದು ಬಂದಿರುವ ಯೂನಿಟ್ ಏರಿಯಾ ಪದ್ಧತಿಯಲ್ಲಿ ಲೆಕ್ಕ ಹೀಗೆ: ಚದರಡಿಯನ್ನು ನಿಮ್ಮ ವಲಯದ ದರದಿಂದ ಗುಣಿಸಿ, ಅದನ್ನು 10 ತಿಂಗಳಿಗೆ ಗುಣಿಸಿ, ಕಟ್ಟಡದ ವಯಸ್ಸಿನ ಸವಕಳಿ ಕಳೆದು, ಉಳಿದದ್ದಕ್ಕೆ ಶೇ 20 ತೆರಿಗೆ, ಆ ತೆರಿಗೆಯ ಮೇಲೆ ಶೇ 24 ಸೆಸ್. ಬಾಡಿಗೆ ಮನೆಯ ದರ ಸ್ವಂತ ವಾಸದ ದರಕ್ಕೆ ಎರಡು ಪಟ್ಟು. ವ್ಯತ್ಯಾಸ ಬರುವುದು ಅಲ್ಲೇ.

ಲೆಕ್ಕಕ್ಕೆ ಸುಲಭವಾಗಲಿ ಎಂದು ಸ್ವಂತ ವಾಸಕ್ಕೆ ಚದರಡಿಗೆ 2 ರೂಪಾಯಿ, ಬಾಡಿಗೆಗೆ 4 ರೂಪಾಯಿ, ಸವಕಳಿ ಶೇ 12 ಎಂದು ಹಿಡಿಯೋಣ. ನೋಟಿಸು ಹೇಳುವಂತೆ 2,400 ಚದರಡಿ ಪೂರ್ತಿ ಬಾಡಿಗೆ ಎಂದರೆ ವರ್ಷಕ್ಕೆ ವ್ಯತ್ಯಾಸ ಸುಮಾರು 10,475 ರೂಪಾಯಿ. ಎಂಟು ವರ್ಷಕ್ಕೆ 83,800. ನಿಜದಲ್ಲಿ ಬಾಡಿಗೆಗೆ ಇದ್ದದ್ದು 700 ಚದರಡಿ, ಅದೂ 2019-20ರಿಂದ ಐದು ವರ್ಷ. ವರ್ಷಕ್ಕೆ 3,055, ಐದು ವರ್ಷಕ್ಕೆ ಸುಮಾರು 15,300. ಬಡ್ಡಿ, ದಂಡ ಬೆಳೆಯುವುದೂ ಈ ಮೂಲ ಮೊತ್ತದ ಮೇಲೆಯೇ. ನಿಮ್ಮ ನಿಜವಾದ ದರ ಹಾಕಿ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಆಕ್ಷೇಪಣೆಗೆ ಲಗತ್ತಿಸಿ.

ಬಾಯಲ್ಲಿ ಹೇಳಿದರೆ ಸಾಲದು, ಪುರಾವೆ ಬೇಕು. ತಮ್ಮ ಮೇಲಿನ ಮನೆಯಲ್ಲಿ ಇದ್ದದ್ದಕ್ಕೆ ಆ ಮೀಟರಿನ ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ, ವೋಟರ್ ಲಿಸ್ಟು, ಅವನ ಬ್ಯಾಂಕ್ ಪಾಸ್‌ಬುಕ್ಕಿನ ವಿಳಾಸ. ಬಾಡಿಗೆ ಶುರುವಾದದ್ದಕ್ಕೆ ಮೊದಲ ಅಗ್ರಿಮೆಂಟು. ಕೆಳಗಿನ ಎರಡು ಮನೆಯಲ್ಲಿ ನೀವೇ ಇರುವುದಕ್ಕೆ ಅದೇ ತರಹದ ಕಾಗದ. ಒಪ್ಪಿಕೊಳ್ಳುವ ಮೊತ್ತವನ್ನು ಆಕ್ಷೇಪಣೆಯ ಜೊತೆಗೇ ಕಟ್ಟಿಬಿಡಿ, ಉಳಿದದ್ದು ಆಕ್ಷೇಪಣೆಗೆ ಒಳಪಟ್ಟಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ತಪ್ಪಿರುವಷ್ಟನ್ನು ಮೊದಲೇ ಕಟ್ಟಿದವರ ಮಾತನ್ನು ಅಧಿಕಾರಿ ಬೇರೆ ರೀತಿ ಕೇಳುತ್ತಾರೆ. ಮೇಜಿನ ಆ ಕಡೆ ಕೂತಿದ್ದವಳಾಗಿ ಇದನ್ನು ಖಾತ್ರಿಯಾಗಿ ಹೇಳಬಲ್ಲೆ.

ಸ್ಥಳ ಪರಿಶೀಲನೆಗೆ ನೀವೇ ಕೇಳಿಕೊಳ್ಳಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೇ ಬಡಾವಣೆಯೊಂದರ ಮನೆಗೆ ಅಳತೆಗೆ ಹೋಗಿದ್ದೆ. ಅದಕ್ಕೆ ಮುಂಚೆ ಯಾರೋ ಹೊರಗಿನಿಂದಲೇ ಅಂದಾಜು ಮಾಡಿ ಬರೆದಿದ್ದ ಅಂಕಿ ಫೈಲಿನಲ್ಲಿತ್ತು. ಮನೆಯ ಅಜ್ಜಿ ಟೇಪಿನ ಒಂದು ತುದಿ ಹಿಡಿದು ಗೋಡೆಯ ಮೂಲೆಗೆ ಹೆಬ್ಬೆರಳಿನಿಂದ ಒತ್ತಿಕೊಂಡು ನಿಂತರು. ‘ನೋಡಮ್ಮ, ತುಳಸಿಕಟ್ಟೇನೂ ಬಚ್ಚಲ ಒಲೆ ಮೇಲಿನ ಶೀಟೂ ಮನೆ ಅಂತ ಬರ್ಕೊಂಡು ಹೋಗಿದಾರೆ’ ಎಂದರು. ಅಳೆದು ನೋಡಿದರೆ ಫೈಲಿನ ಅಂಕಿಗೂ ನಿಜಕ್ಕೂ ನೂರಾ ಹತ್ತು ಚದರಡಿ ವ್ಯತ್ಯಾಸ. ಆ ಅಜ್ಜಿ ನಾಲ್ಕು ವರ್ಷ ಹೆಚ್ಚಿಗೆ ಕಟ್ಟಿದ್ದರು, ಯಾಕೆಂದರೆ ಅಳತೆ ತೋರಿಸಿ ಎಂದು ಕೇಳಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಹಾಗಾಗಿ ನಿಮ್ಮ ಮನೆಗೆ ಅಳತೆಗೆ ಬಂದಾಗ ಜೊತೆಗಿರಿ, ಪ್ರತಿ ಅಂಕಿಯನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ, ಮಹಜರಿನ (ಸ್ಥಳ ಪರಿಶೀಲನೆಯ ವರದಿಯ) ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಇದೆ, 30 ದಿನದಲ್ಲಿ ಕೊಡಲೇಬೇಕು. ಆರ್‌ಟಿಐ ಉತ್ತರ ಬರಲಿ ಎಂದು ಕಾದು ನೋಟಿಸಿನ ಗಡುವು ಮೀರಿಸಿಕೊಳ್ಳಬೇಡಿ.

ತೆರಿಗೆಯ ಅಂತಿಮ ಆದೇಶ ಬಂದಾಗ ಅದರ ಕೊನೆಯ ಪ್ಯಾರಾ ಓದಿ. ಮೇಲ್ಮನವಿ ಯಾರಿಗೆ, ಎಷ್ಟು ದಿನದಲ್ಲಿ ಎಂದು ಅಲ್ಲಿರಬೇಕು. ಇಲ್ಲದಿದ್ದರೆ ಪತ್ರ ಬರೆದು ಕೇಳಿ. ಆದೇಶದಲ್ಲಿ ನಿಮ್ಮ ಪುರಾವೆಗಳ ಪ್ರಸ್ತಾಪವೇ ಇಲ್ಲದೆ ‘ಸಮಂಜಸವಲ್ಲ’ ಎಂದಷ್ಟೇ ಇದ್ದರೆ, ಮೇಲ್ಮನವಿಯಲ್ಲಿ ಅದೇ ನಿಮ್ಮ ಮೊದಲ ಅಂಶ. ಸುತ್ತೋಲೆ ಇದೆ ಎಂದು ಹೇಳಿದರೆ ಅದರ ಸಂಖ್ಯೆ, ತಾರೀಕು ಕೇಳಿ. ಸುತ್ತೋಲೆ ಬೈಲಾಕ್ಕಿಂತ ಮೇಲಲ್ಲ, ಬೈಲಾ ಕಾಯ್ದೆಗಿಂತ ಮೇಲಲ್ಲ.

ಮಾಜಿ ಕಾರ್ಪೊರೇಟರ್ ಹತ್ತಿರ ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಿ, ತಪ್ಪಿಲ್ಲ. ಆದರೆ ಅವರಿಂದ ಏನು ಸಾಧ್ಯ ಎಂದು ತಿಳಿದು ಹೋಗಿ. ಕೌನ್ಸಿಲ್ ಮಾಡುವುದು ಬೈಲಾ, ಬಜೆಟ್ಟು, ನೀತಿಯ ಕೆಲಸ. ಬೈಲಾ ಆಗಬೇಕಾದರೆ ಕರಡು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಕೇಳಿ, ಸರ್ಕಾರದ ಒಪ್ಪಿಗೆ ಪಡೆಯಬೇಕು. ಆ ಆಕ್ಷೇಪಣೆಯ ದಿನಗಳಲ್ಲಿ ನಮ್ಮ ಜನ ಒಂದು ಕಾಗದವನ್ನೂ ಬರೆಯುವುದಿಲ್ಲ, ಬೈಲಾ ಬಂದ ಮೇಲೆ ಗೋಳಾಡುತ್ತಾರೆ ಎನ್ನುವುದು ನನಗೆ ತುಂಬ ಬೇಸರದ ಸಂಗತಿ. ಮುಂಚೆ ಪಾಲಿಕೆಯಲ್ಲಿ ಅಪೀಲುಗಳಿಗೆಂದೇ ಒಂದು ಸ್ಥಾಯಿ ಸಮಿತಿ ಇತ್ತು, ಸದಸ್ಯರೇ ಕೂತು ಕೇಳುತ್ತಿದ್ದರು. 2015ರಲ್ಲಿ ಚುನಾಯಿತವಾದ 198 ವಾರ್ಡುಗಳ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಕೌನ್ಸಿಲಿನ ಜಾಗದಲ್ಲಿದ್ದರು. ಕಾರ್ಪೊರೇಟರ್ ಒಬ್ಬರು ನೋಟಿಸನ್ನು ರದ್ದು ಮಾಡಲು ಆಗಲೂ ಬರುತ್ತಿರಲಿಲ್ಲ, ಈಗಂತೂ ಬರುವುದಿಲ್ಲ. ವಿಚಾರಣೆಗೆ ತಾರೀಕು ಕೊಡಿಸುವುದು, ನಿಂತ ಫೈಲನ್ನು ಕೇಳುವುದು, ಇಷ್ಟಕ್ಕೆ ಅವರ ಮಾತು ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ ಖಾತೆ. ಎರಡೂ ನೋಟಿಸು ಅಪ್ಪನ ಹೆಸರಿಗೇ ಬಂದಿವೆ. ತೀರಿಹೋದವರ ಹೆಸರಿಗೆ ಕೊಟ್ಟ ನೋಟಿಸಿನಲ್ಲಿ ಕಾನೂನಿನ ದೋಷ ಇದೆ, ಉತ್ತರದಲ್ಲಿ ಅದನ್ನು ಒಂದು ಸಾಲು ದಾಖಲಿಸಿ. ಆದರೆ ಅದನ್ನೇ ನಂಬಿ ಉತ್ತರ ಕೊಡದೆ ಕೂರಬೇಡಿ. ಸರಿಯಾದ ಹೆಸರಿಗೆ ಇನ್ನೊಂದು ನೋಟಿಸು ಬರೆಯಲು ಅವರಿಗೆ ಅರ್ಧ ಗಂಟೆ ಸಾಕು. ಮರಣ ಪ್ರಮಾಣಪತ್ರ, ವಂಶವೃಕ್ಷ, 1994ರ ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿ ಜೋಡಿಸಿ ವಾರಸು ಖಾತೆಗೆ ಅರ್ಜಿ ಹಾಕಿ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ವಿಲ್ ಬರೆದಿಲ್ಲ ಎಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೂ ಮಕ್ಕಳೆಲ್ಲರಿಗೂ ಸಮಪಾಲು. ನಿಮಗೆ ಅಕ್ಕ ತಂಗಿ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಮದುವೆಯಾಗಿ ಹೋಗಿದ್ದರೂ ಅವರ ಹೆಸರು ವಂಶವೃಕ್ಷದಲ್ಲಿ ಬರಲೇಬೇಕು. ಬೇಡ ಎನ್ನುವವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ, ಬಾಯಿಮಾತು ಬೇಡ. ಖಾತೆ ಎಂದರೆ ತೆರಿಗೆ ಯಾರು ಕಟ್ಟಬೇಕು ಎನ್ನುವ ದಾಖಲೆ, ಅದು ಮಾಲೀಕತ್ವದ ಪತ್ರವಲ್ಲ. ಆದರೂ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ, ಹಾಗಾಗಿ ಮುಂದಕ್ಕೆ ಹಾಕಬೇಡಿ. ಅರ್ಜಿಗೆ ಸಕಾಲ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ವ್ಯವಸ್ಥೆ) ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಲು ಆ ಸಂಖ್ಯೆ ಬೇಕಾಗುತ್ತದೆ.

ಇವತ್ತು ಎಂಜಿನಿಯರಿಗೆ ಫೋನ್ ಮಾಡಿ. ನಾಳೆ ತಮ್ಮನ ಹಳೇ ಕರೆಂಟ್ ಬಿಲ್ಲುಗಳನ್ನು ಹುಡುಕಿ. ತೆರಿಗೆಯ ಆಕ್ಷೇಪಣೆ ಬರೆದ ಮೇಲೆ ಕೊಡುವ ಮೊದಲು ಒಂದು ಪ್ರತಿ ನನಗೆ ಕಳಿಸಿ, ಓದಿ ತಿದ್ದಿಕೊಡುತ್ತೇನೆ.